ದೆವ್ವದ ಮಗ್ಗಕ್ಕೆ ಎಷ್ಟು ಮಾರ್ಕ್ಸು?

ನಮ್ಮಕ್ಕನ ಮಗ ಚಳ್ಳಕೆರೆಯಲ್ಲಿ ಡಿಗ್ರಿ ಓದ್ತಿದ್ದಾನೆ. ಅವನು, ಅವನ ಮೂರು ಜನ ಗೆಳೆಯರು ಸೇರಿ ಮೊಬೈಲಲ್ಲೇ ಒಂದು ದೆವ್ವದ ಸಿನಿಮಾ ತೆಗೀತಿದ್ದಾರೆ. ಸದ್ಯಕ್ಕೆ ಆಗಿರೋದು ಶುರುವಿನ ಎರಡು ನಿಮಿಷ ಅಷ್ಟೆ. "ಮಾಮ, ಜನಕ್ಕೆ ತೋರಿಸಿ ಅಭಿಪ್ರಾಯ ತಗೋಬೇಕು, ನೀನೂ ಬಾ" ಅಂದ. ಭಾನುವಾರ ಬೇರೆ, ಹೋದೆ :-)

ಆ ಎರಡು ನಿಮಿಷದಲ್ಲಿ ಇರೋದಿಷ್ಟು. ರಾತ್ರಿ, ಮೊಳಕಾಲ್ಮೂರಿನ ಒಂದು ಹಳೇ ಮನೆ, ಒಳಗೆ ಕುಣಿಮಗ್ಗ. ಯಾರೂ ಇಲ್ಲ. ಇದ್ದಕ್ಕಿದ್ದಂತೆ ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತೆ. ಲಟಕ್ ಪಟಕ್ ಅಂತ ಮಗ್ಗ ತಾನೇ ಆಡೋಕೆ ಶುರು. ಕೊನೆಗೆ ಎಲ್ಲಾ ನಿಂತು, ಧೂಳು ಹಿಡಿದ ಮಗ್ಗ ಮಾತ್ರ ಸ್ವಲ್ಪ ಹೊತ್ತು ಸುಮ್ನೆ ಕಾಣುತ್ತೆ. ಲಾಳಿಗೆ ಮೀನಿನ ಗಾಳದ ದಾರ ಕಟ್ಟಿ ಎಳೆದದ್ದಂತೆ!

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಅಲ್ಲಿ ಸೇರಿದವರಲ್ಲಿ ಮಗ್ಗ ನೋಡಿದವರು ಕಮ್ಮಿ. ಟೀ ಅಂಗಡಿ ಮುಂದೆ ತೋರಿಸಿದಾಗ ಹುಡುಗರು ಹೋ ಅಂತ ಕೂಗಿದ್ದೇ ಕೂಗಿದ್ದು. "ಭಯ ಆಯ್ತಾ? ಹತ್ತಕ್ಕೆ ಎಷ್ಟು ಮಾರ್ಕ್ಸು?" ಅಂತ ಚೀಟಿ ಮಾಡ್ಕೊಂಡಿದ್ರು. ಎಲ್ಲರೂ ಒಂಬತ್ತು, ಹತ್ತು. ಸಿನಿಮಾ ಮಾಡಿದವನು ಎದುರಿಗೇ ನಿಂತು ಹಲ್ಲು ಕಿಸೀತಿದ್ರೆ ಯಾರಪ್ಪಾ ಮೂರು ಕೊಡ್ತಾರೆ?

ಚೀಟಿ ಬಿಡ್ರೋ, ಅರ್ಧಕ್ಕೆ ನಿಲ್ಲಿಸಿ "ಮುಂದೇನಾಗುತ್ತೆ ಹೇಳಿ" ಅಂತ ಕೇಳಿ ಅಂದೆ. ಸುಮಾರು ಜನ ಒಂದೇ ಉತ್ತರ: "ಬಿಳಿ ಸೀರೆ ಹೆಂಗಸು ಬರ್ತಾಳೆ." ಟೀ ಅಂಗಡಿಯವರಿಗಂತೂ 1979ರ 'ನಾ ನಿನ್ನ ಬಿಡಲಾರೆ' ನೆನಪಾಗಿ ಅನಂತನಾಗ್ ಬಗ್ಗೆ ಮಾತಾಡೋಕೆ ಕೂತುಬಿಟ್ರು. ನಮ್ಮ ಹುಡುಗರಿಗೆ ದೆವ್ವದ ಸಿನಿಮಾ ಅಂದ್ರೆ 2013ರ '6-5=2'ರಿಂದ ಈಚೆಗೆ ಬಂದದ್ದು. ಮುಖ ಸಪ್ಪಗೆ ಮಾಡ್ಕೊಂಡ್ರು, ಆದ್ರೆ ಆ ದಿನದ ಮೊದಲ ನಿಜವಾದ ಅಭಿಪ್ರಾಯ ಅದೇ.

ಮಧ್ಯಾಹ್ನದ ಬಸ್ಸಿಗೆ ಮೊಳಕಾಲ್ಮೂರಿಗೆ ಹೊರಟ್ವಿ. ದಾರೀಲಿ ತಳುಕು ಬಂತು. ನಮ್ಮ ತ.ರಾ.ಸು. ಮನೆತನದ ಊರು ಕಣ್ರೋ, 1972ರ 'ನಾಗರಹಾವು' ಅವರ ಕಾದಂಬರಿಗಳಿಂದಲೇ ಆದದ್ದು ಅಂದೆ. ಯಾರೂ ಮೊಬೈಲಿಂದ ತಲೆ ಎತ್ತಲಿಲ್ಲ.

ಶೂಟಿಂಗ್ ಆಗಿದ್ದ ಮನೆ ಆ ನಾಲ್ವರಲ್ಲಿ ಒಬ್ಬನದು. ರೇಷ್ಮೆ ಸೀರೆ ನೇಯ್ದ ಮನೆತನ. ಆ ಮಗ್ಗ ನಿಂತು ಎರಡು ವರ್ಷ ಆಯ್ತಂತೆ. ತಾತ, ಅಜ್ಜಿ, ಪಕ್ಕದ ಮನೆ ನೇಕಾರರು ಇಬ್ಬರು ಕೂತು ನೋಡಿದ್ರು. ಲಾಳಿ ಓಡಿದ್ದೇ ತಡ ತಾತ ನಕ್ಕುಬಿಟ್ರು.

"ಲಾಳಿ ಓಡಿದ್ರೆ ಸಾಕೇನೋ? ಕಾಲುಮಣೆ ತುಳಿಯೋರು ಯಾರು? ಹಾಸು ಬಿಚ್ಕೊಳ್ದೆ ಲಾಳಿ ಹೆಂಗೆ ನುಗ್ತೈತೆ?"

"ನಿಮ್ಮ ದೆವ್ವಕ್ಕೆ ನೇಯೋಕೆ ಬರಲ್ಲ ಬಿಡಪ್ಪ" ಅಂದ್ರು ಪಕ್ಕದ ಮನೆಯವರು. "ತಾನೇ ಆಡೋ ಮಗ್ಗ ನೋಡಬೇಕಂದ್ರೆ ಪವರ್‌ಲೂಮ್ ಐತಲ್ಲ. ನಮ್ಮ ಹೊಟ್ಟೆಗೆ ಬಂದ ದೆವ್ವ ಅದು." ಎಲ್ಲರೂ ಇನ್ನೊಂದು ಸಲ ನಕ್ಕರು. ಹುಡುಗರು ಪಾಪ, ಮರು ಮಾತಿಲ್ಲ.

ನಾನು ನೋಡ್ತಿದ್ದದ್ದು ಅಜ್ಜಿ ಮುಖ. ಲಾಳಿ ಓಡಿದಾಗ ಏನೂ ಆಗಲಿಲ್ಲ. ಕೊನೇ ಶಾಟ್, ಆ ನಿಂತ ಮಗ್ಗದ್ದು, ಬಂತು ನೋಡಿ... ಸೆರಗು ಬಾಯಿಗೆ ಹಿಡ್ಕೊಂಡು ಎದ್ದು ಒಳಗೆ ಹೋದ್ರು. ಅದು ಕಟ್ ಮಾಡೋಕೆ ಮರೆತು ಉಳಿದ ಶಾಟ್ ಅಂತೆ!

ವಾಪಸ್ ಬರುವಾಗ ಬಸ್ ಸ್ಟ್ಯಾಂಡಲ್ಲಿ ಜಗಳ. ಲಾಳಿ ಬೇಡ, ಆ ನಿಂತ ಮಗ್ಗದಿಂದಲೇ ಶುರು ಮಾಡೋಣ ಅಂತ ನಮ್ಮ ಹುಡುಗ. ಚಳ್ಳಕೆರೇಲಿ ಯಾರಿಗೂ ಅರ್ಥ ಆಗಲ್ಲ ಅಂತ ಇನ್ನಿಬ್ಬರು. ನನ್ನ ಓಟು ನಮ್ಮ ಹುಡುಗನಿಗೇ. ಅರ್ಥ ಆಗದೇ ಹೋದ್ರೂ ಬಿಳಿ ಸೀರೆಗಿಂತ ವಾಸಿ. ಆದ್ರೆ ಆ ಮನೆಯ ಹುಡುಗ ಬಾಯೇ ಬಿಡಲಿಲ್ಲ. ಅವರಜ್ಜಿ, ಅವರ ಮಗ್ಗ. ನಾವು ಓಟು ಹಾಕೋಕೆ ಯಾರು ಅಂತ ನಾನೂ ಸುಮ್ಮನಾದೆ.

ಮೊನ್ನೆ ಅವನೇ ಅಜ್ಜಿಗೆ ಫೋನ್ ಮಾಡಿ ಕೇಳಿದನಂತೆ, ಅದನ್ನ ಸಿನಿಮಾದಲ್ಲಿ ಇಡ್ಲಾ ಅಂತ.

"ಇಡಪ್ಪ, ನಾನ್ಯಾಕೆ ಬೇಡ ಅನ್ಲಿ? ಆದ್ರೆ ಬಂದು ಮೊದ್ಲು ಆ ಧೂಳು ಒರೆಸಿ ತೆಗೀರಿ. ನೋಡಿದೋರು ಏನಂದ್ಕೋತಾರೆ" ಅಂದ್ರಂತೆ.

ಬರೋ ಭಾನುವಾರ ಮತ್ತೆ ಶೂಟಿಂಗ್. ಒರೆಸಬೇಕೋ ಬೇಡವೋ ಅಂತ ಇನ್ನೂ ಚರ್ಚೆ ನಡೀತಿದೆ.