ಇಪ್ಪತ್ತೈದು ನಿಮಿಷದ ದಾರಿ

ಫ್ರಾನ್ಸಿನ ಉತ್ತರಕ್ಕಿರುವ ಸೊಮ್ ಸೀಮೆಯಲ್ಲಿ ಲಾಂಗ್‌ವಾಲ್ ಎಂಬ ಸಣ್ಣ ಹಳ್ಳಿಯಿದೆ. ಇಟ್ಟಿಗೆಯ ಮನೆಗಳು, ಒಂದು ಚರ್ಚು. ಊರು ಮುಗಿದ ಕೂಡಲೇ ಹೊಲ ಶುರು. ಅಲ್ಲಿಂದ ವಾಯವ್ಯಕ್ಕೆ ಹೋಗುವ ರಸ್ತೆ ಹಿಡಿದರೆ ಎರಡು ಕಿಲೋಮೀಟರ್ ಒಳಗೇ ಬಲಗಡೆಗೆ ಒಂದು ಕಾಡು ಸಿಗುತ್ತದೆ. ಫ್ರೆಂಚರಿಗೆ ಅದು ಬ್ವಾ ದೇ ಫುರ್ಕೊ. 1916ರಲ್ಲಿ ಬಂದ ಬ್ರಿಟಿಷ್ ಸೈನಿಕರು ಅದನ್ನು ಹೈ ವುಡ್ ಎಂದು ಕರೆದರು. ನಿಧಾನವಾಗಿ ನಡೆದರೂ 25 ನಿಮಿಷ ಸಾಕು. ಬ್ರಿಟಿಷ್ ಸೈನ್ಯ ಈ ಕಾಡನ್ನು ಮೊದಲ ಸಲ ಮುಟ್ಟಿದ್ದು 1916ರ ಜುಲೈ 14ರಂದು. ಕಾಡು ಪೂರ್ತಿ ಅದರ ಕೈಗೆ ಬಂದದ್ದು ಸೆಪ್ಟೆಂಬರ್ 15ರಂದು.

ಸೊಮ್ ಯುದ್ಧದ ಅಂಕಿಗಳು ಓದುವವರ ತಲೆಯಲ್ಲಿ ನಿಲ್ಲುವಂಥವಲ್ಲ. ಜುಲೈ 1ರ ಒಂದೇ ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470 ಮಂದಿ. ಅವರಲ್ಲಿ ಸತ್ತವರೇ 19,240. ನವೆಂಬರ್ 18ಕ್ಕೆ ಯುದ್ಧ ನಿಂತಾಗ ಮುಂದೆ ಸರಿದಿದ್ದ ದೂರ ಹೆಚ್ಚು ಕಡಿಮೆ ಹತ್ತು ಕಿಲೋಮೀಟರ್. ಇಷ್ಟು ದೊಡ್ಡ ಸಂಖ್ಯೆಯನ್ನು ಕಣ್ಣು ಓದಿ ದಾಟಿಬಿಡುತ್ತದೆ. ಹತ್ತು ಕಿಲೋಮೀಟರ್ ಎಂದರೇನು ಎಂಬುದು ಮಾತ್ರ ಕಾಲಿಗೆ ಗೊತ್ತು. ಆಲ್ಬೆರ್ ಪಟ್ಟಣದಲ್ಲಿ ಬೆಳಿಗ್ಗೆ ರೈಲಿಳಿದು ಹೊಲದ ದಾರಿಗಳಲ್ಲಿ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಲಾಂಗ್‌ವಾಲ್ ಸೇರುತ್ತಾರೆ. ದಾರಿಯಲ್ಲೆಲ್ಲೋ ಜುಲೈ 1ರ ಮುಂಚೂಣಿಯ ಗೆರೆ ದಾಟಿಹೋಗಿರುತ್ತದೆ. ನಕ್ಷೆ ನೋಡದಿದ್ದರೆ ಅದು ತಿಳಿಯುವುದೂ ಇಲ್ಲ.

ಈ ನೆಲಕ್ಕೆ ಬೆಟ್ಟವೆಂಬುದಿಲ್ಲ. ಗೋಧಿ, ಸಕ್ಕರೆ ಬೀಟ್, ಆಲೂಗಡ್ಡೆಯ ಹೊಲಗಳು ಬೇಲಿಯಿಲ್ಲದೆ ಒಂದಕ್ಕೊಂದು ಸೇರಿಕೊಂಡು ಅಲೆಯಂತೆ ಏರಿ ಇಳಿಯುತ್ತವೆ. ಹೈ ವುಡ್ ನಿಂತಿರುವುದು ಅಂಥದೊಂದು ಏರಿನ ಮೇಲೆ. ಕೊಡಚಾದ್ರಿ, ಕುಮಾರಪರ್ವತ ಹತ್ತಿದವರು ಇದಕ್ಕೆ ಎತ್ತರವೆಂಬ ಹೆಸರು ಕೊಟ್ಟಿದ್ದು ಕಂಡು ನಗಬಹುದು. ಇದು ದಿನ್ನೆಗಿಂತ ಹೆಚ್ಚಿನದಲ್ಲ. ಆದರೆ ಮೇಲೆ ನಿಂತು ಹಿಂತಿರುಗಿ ನೋಡಿದರೆ ನಗು ನಿಲ್ಲುತ್ತದೆ. ಬಂದ ದಾರಿಯೆಲ್ಲ ಕಾಣುತ್ತದೆ. ಅಲ್ಲಿ ಬರುವ ಒಬ್ಬ ಸೈಕಲ್ ಸವಾರನೂ ಬಲು ದೂರದಿಂದಲೇ ಕಣ್ಣಿಗೆ ಬೀಳುತ್ತಾನೆ. ಮರದ ಮರೆಯಲ್ಲಿ ಮೆಷಿನ್ ಗನ್ ಇಟ್ಟುಕೊಂಡು ಕುಳಿತವನಿಗೆ ಇಷ್ಟು ಎತ್ತರ ಧಾರಾಳವಾಯಿತು.

ಉತ್ತಾಗ ಮೇಲೆ ಬರುವ ಮಣ್ಣು ಬಿಳಿ. ಮೇಲ್ಮಣ್ಣಿನ ಕೆಳಗಿರುವುದು ಸುಣ್ಣದ ಕಲ್ಲು. ಮುಚ್ಚಿಹೋದ ಕಂದಕಗಳು ಬೆಳೆಯಿಲ್ಲದ ಕಾಲದಲ್ಲಿ ತಿಳಿಬಿಳಿ ಗೆರೆಗಳಾಗಿ ಕಾಣುತ್ತವೆ. ನೇಗಿಲಿನ ಬಾಯಿಗೆ ಈಗಲೂ ಶೆಲ್ಲುಗಳು ಸಿಗುತ್ತವೆ. ಇದಕ್ಕೆ ಅಲ್ಲಿಯ ಜನ ಇಟ್ಟ ಹೆಸರು ಕಬ್ಬಿಣದ ಕೊಯ್ಲು. ರೈತರು ಅವನ್ನು ರಸ್ತೆಯ ಅಂಚಿನಲ್ಲಿಟ್ಟು ಬಾಂಬ್ ನಿಷ್ಕ್ರಿಯ ದಳಕ್ಕೆ ತಿಳಿಸುತ್ತಾರೆ. ತುಕ್ಕು ಹಿಡಿದ ಶೆಲ್ಲೊಂದು ಕಂಬದ ಬುಡದಲ್ಲಿ, ಹಾಲಿನ ಕ್ಯಾನು ಇಟ್ಟಂತೆ, ಸುಮ್ಮನೆ ಕೂತಿರುತ್ತದೆ. ಮುಟ್ಟಬಾರದು ಎಂಬುದು ಇಲ್ಲಿ ನಡೆಯುವವರು ಕಲಿಯಬೇಕಾದ ಮೊದಲ ಪಾಠ. ನೂರು ವರ್ಷವಾದರೂ ಒಳಗಿನ ಮದ್ದು ಸತ್ತಿರುವುದಿಲ್ಲ.

ಲಾಂಗ್‌ವಾಲ್ ಊರಿಗೆ ತಾಗಿಕೊಂಡೇ ಇನ್ನೊಂದು ಕಾಡಿದೆ, ಡೆಲ್ವಿಲ್ ವುಡ್. ಅಲ್ಲಿ ಕಾದಿದವರು ಹೆಸರನ್ನು ಸ್ವಲ್ಪವೇ ತಿರುಚಿ ಡೆವಿಲ್ಸ್ ವುಡ್ ಮಾಡಿಕೊಂಡರು. ಜುಲೈ 15ರಂದು ಇದರೊಳಗೆ ಹೋದ ದಕ್ಷಿಣ ಆಫ್ರಿಕಾದ ಬ್ರಿಗೇಡಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದರು. ಐದು ದಿನಗಳ ಬಳಿಕ ಕಾಡಿನಿಂದ ಹೊರಗೆ ನಡೆದು ಬಂದ ಕೊನೆಯ ತಂಡದಲ್ಲಿ ಇದ್ದವರು ನೂರೈವತ್ತಕ್ಕೂ ಕಡಿಮೆ. ಯುದ್ಧ ಮುಗಿದಾಗ ಕಾಡಿನಲ್ಲಿ ಬದುಕಿ ಉಳಿದಿದ್ದದ್ದು ಒಂದೇ ಒಂದು ಹಾರ್ನ್‌ಬೀಮ್ ಮರ. ಅದು ಇವತ್ತಿಗೂ ಇದೆ, ಮುಂದೊಂದು ಸಣ್ಣ ಕಲ್ಲು ನೆಟ್ಟಿದ್ದಾರೆ. ಉಳಿದ ಮರಗಳೆಲ್ಲ ಆಮೇಲೆ ಬಂದವು. ನೆಲ ಮಾತ್ರ ಹಳೆಯದು: ಹುಲ್ಲು ಹೊದ್ದ ಗುಂಡಿಗಳು, ಅಂಕುಡೊಂಕಾಗಿ ಸಾಗುವ ತಗ್ಗುಗಳು. ನೆರಳು ತಂಪಾಗಿರುತ್ತದೆ, ಹಕ್ಕಿಗಳ ಸದ್ದಿರುತ್ತದೆ. ಬುತ್ತಿ ಬಿಚ್ಚಿ ಕೂರೋಣ ಎನ್ನಿಸುವಂಥ ಜಾಗ. ಆದರೆ ನೆಲ ಎಲ್ಲೂ ಸಮವಾಗಿಲ್ಲ.

ಮತ್ತೆ ಹೈ ವುಡ್ ದಾರಿಗೆ. ಜುಲೈ 14ರ ನಸುಕಿನಲ್ಲಿ ನಡೆದ ದಾಳಿ ಈ ಭಾಗದಲ್ಲಿ ಫಲ ಕೊಟ್ಟಿತ್ತು. ಬೆಳಗಿನ ಹೊತ್ತಿಗೆ ಹೈ ವುಡ್ ಹೆಚ್ಚು ಕಡಿಮೆ ಬರಿದಾಗಿತ್ತು. ಮುಂದಿದ್ದ ಅಧಿಕಾರಿಗಳಿಗೆ ಅದು ಕಂಡಿತು. ಆದರೆ ಮೇಲಿನಿಂದ ಬಂದ ಅಪ್ಪಣೆ ಬೇರೆ: ಕಾಯಿರಿ, ಕುದುರೆ ಪಡೆ ಬರುತ್ತದೆ. ಕಂದಕ, ಗುಂಡಿ, ಕೆಸರು ದಾಟಿ ಕುದುರೆಗಳು ಮುಂದೆ ಬರುವಷ್ಟರಲ್ಲಿ ಸಂಜೆ ಏಳು ಗಂಟೆ. ಆ ಹೊತ್ತಿಗೆ ಜರ್ಮನ್ನರು ಕಾಡಿಗೆ ಮರಳಿದ್ದರು.

ಬಂದ ಪಡೆಯ ಹೆಸರು ಸಿಕಂದರಾಬಾದ್ ಕ್ಯಾವಲ್ರಿ ಬ್ರಿಗೇಡ್. ಅದರಲ್ಲಿದ್ದದ್ದು ಬ್ರಿಟನ್ನಿನ ಏಳನೇ ಡ್ರಗೂನ್ ಗಾರ್ಡ್ಸ್, 20ನೇ ಡೆಕ್ಕನ್ ಹಾರ್ಸ್, 34ನೇ ಪೂನಾ ಹಾರ್ಸ್. ಆ ಸಂಜೆ ಬಲ್ಲೆಯ ಹಿಡಿದು ಮುಂದೆ ನುಗ್ಗಿದವರು ಡ್ರಗೂನ್ ಗಾರ್ಡ್ಸ್ ಮತ್ತು ಡೆಕ್ಕನ್ ಹಾರ್ಸ್‌ನವರು. ಡೆಕ್ಕನ್ ಹಾರ್ಸ್‌ನ ಮೂಲ ನಿಜಾಮರ ಹೈದರಾಬಾದ್ ಕಂಟಿಂಜೆಂಟ್. ಅದರಲ್ಲಿ ದಖ್ಖಣಿ ಮುಸ್ಲಿಮರು, ಸಿಖ್ಖರು, ಜಾಟರು ಇದ್ದರು. ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದೊಳಗೇ ಇದ್ದವು. ಕೊಯ್ಲಿಗೆ ಬರುತ್ತಿದ್ದ ಪೈರಿನ ನಡುವೆ ಕುದುರೆಗಳು ಓಡಿದವು. ಪೈರಿನಲ್ಲಿ ಅಡಗಿದ್ದ ಕೆಲವು ಜರ್ಮನ್ನರು ಬಲ್ಲೆಯಕ್ಕೆ ಬಲಿಯಾದರು, ಕೆಲವರು ಸೆರೆಯಾದರು. ಕತ್ತಲಾದ ಮೇಲೆ ಸವಾರರು ಕಾಡಿಗೂ ಲಾಂಗ್‌ವಾಲ್‌ಗೂ ನಡುವೆ ನೆಲ ಅಗೆದು ರಾತ್ರಿ ಕಳೆದರು. ಮರುದಿನ ನಸುಕಿಗೆ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಅಷ್ಟೇ. ಕಾಡಿಗಾಗಿ ಇನ್ನೂ ಎರಡು ತಿಂಗಳು ಕಾದಾಟ ನಡೆಯಿತು.

ಇದನ್ನು ಶೌರ್ಯದ ಕತೆಯಾಗಿ ಹೇಳುವುದು ಸುಲಭ. ಮೆಷಿನ್ ಗನ್ ಎದುರಿಗೆ ಕುದುರೆ ಓಡಿಸಿದವರ ಧೈರ್ಯ ಸುಳ್ಳಲ್ಲ. ಆದರೆ ಆ ಹೊಲದ ಅಂಚಿನಲ್ಲಿ ನಿಂತು ದೂರ ಅಳೆದವರಿಗೆ ಇನ್ನೊಂದೂ ಕಾಣುತ್ತದೆ. ಬೆಳಿಗ್ಗೆ ಕಾಲ್ನಡಿಗೆಯಲ್ಲೇ ಹೋಗಿ ಹಿಡಿಯಬಹುದಾಗಿದ್ದ ಜಾಗಕ್ಕೆ ಸಂಜೆ ಕುದುರೆಗಳನ್ನು ಅಟ್ಟಿದರು. ಈ ತಪ್ಪಿನ ಬೆಲೆ ಕೊಟ್ಟವರಲ್ಲಿ ಸಾವಿರಾರು ಮೈಲಿ ದೂರದಿಂದ, ಯಾರದೋ ಸಾಮ್ರಾಜ್ಯದ ಜಗಳಕ್ಕೆ ಬಂದವರೂ ಇದ್ದರು. ಶೌರ್ಯದ ಕತೆಯಲ್ಲಿ ಈ ಎರಡನೆಯ ಮಾತು ಬಿಟ್ಟುಹೋದರೆ ಸತ್ತವರಿಗೆ ಮತ್ತೊಂದು ಅನ್ಯಾಯವಾಗುತ್ತದೆ.

ಹೈ ವುಡ್ ಇವತ್ತು ಖಾಸಗಿ ಕಾಡು, ಒಳಗೆ ಬಿಡುವುದಿಲ್ಲ. ಅಂಚಿನಲ್ಲಿ ಸ್ಮಾರಕಗಳಿವೆ. ಅದರಲ್ಲೊಂದು ಗ್ಲಾಸ್ಗೋ ಹೈಲ್ಯಾಂಡರ್ಸ್ ಪಡೆಯದು: ಸ್ಕಾಟ್ಲೆಂಡಿನಿಂದ ತಂದ 192 ಕಲ್ಲುಗಳ ಗುಡ್ಡೆ. ಇಲ್ಲಿ ಸತ್ತ ಒಬ್ಬೊಬ್ಬನಿಗೆ ಒಂದೊಂದು ಕಲ್ಲು. ಅದರ ಎತ್ತರ ಐದಡಿ ಏಳಂಗುಲ, ಆ ಪಡೆಗೆ ಸೇರಲು ಬೇಕಿದ್ದ ಕನಿಷ್ಠ ಎತ್ತರ. ಎದುರು ನಿಂತರೆ ಒಬ್ಬ ಆಳಿನ ಮುಂದೆ ನಿಂತಂತೆಯೇ ಆಗುತ್ತದೆ. ರಸ್ತೆಯ ಆ ಬದಿಗೆ ಲಂಡನ್ ಸ್ಮಶಾನ. ಅಲ್ಲಿರುವ ಸುಮಾರು 3,800 ಗೋರಿಗಳಲ್ಲಿ ಐದರಲ್ಲಿ ನಾಲ್ಕರಷ್ಟಕ್ಕೆ ಹೆಸರಿಲ್ಲ. ಇವನು ಯಾರೆಂದು ದೇವರಿಗೆ ಗೊತ್ತು ಎಂಬರ್ಥದ ಸಾಲು ಆ ಕಲ್ಲುಗಳ ಮೇಲಿದೆ. ಆ ಸಾಲನ್ನು ಆರಿಸಿದವನು ರಡ್ಯಾರ್ಡ್ ಕಿಪ್ಲಿಂಗ್. 1915ರಲ್ಲಿ ಇದೇ ಯುದ್ಧದಲ್ಲಿ ಕಾಣೆಯಾದ ಅವನ ಮಗನ ದೇಹ ಅವನ ಜೀವಮಾನದಲ್ಲಿ ಪತ್ತೆಯಾಗಲಿಲ್ಲ.

ಹಾಗಾದರೆ ಭಾರತದ ಸೈನಿಕರ ಹೆಸರುಗಳೆಲ್ಲಿ? ಇಲ್ಲಿಂದ ಸುಮಾರು 60 ಕಿಲೋಮೀಟರ್ ಉತ್ತರಕ್ಕೆ, ನವ್ ಶಾಪೆಲ್ ಎಂಬಲ್ಲಿ. ಗೋರಿ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಅಲ್ಲಿ ಒಂದು ದುಂಡು ಗೋಡೆಯ ಮೇಲೆ ಕೆತ್ತಿದ್ದಾರೆ. ಅಶೋಕನ ಕಂಬವನ್ನು ನೆನಪಿಸುವ ಒಂದು ಕಂಬವೂ ಇದೆ. 1927ರಲ್ಲಿ ತೆರೆದ ಈ ಸ್ಮಾರಕದ ವಿನ್ಯಾಸ ಹರ್ಬರ್ಟ್ ಬೇಕರ್ ಅವರದು. ಡೆಲ್ವಿಲ್ ವುಡ್‌ನ ಸ್ಮಾರಕವೂ ಅವರದೇ, ದೆಹಲಿಯ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕೂಡ ಅವರವೇ. ಹತ್ತಿರದ ಟಿಯೆಪ್‌ವಾಲ್ ದಿನ್ನೆಯ ಮೇಲೆ 72,000ಕ್ಕೂ ಹೆಚ್ಚು ಹೆಸರು ಹೊತ್ತು ನಿಂತಿರುವ ಇಟ್ಟಿಗೆಯ ಕಮಾನು ಲಟ್ಯನ್ಸ್ ಕಟ್ಟಿದ್ದು. ಇಂಡಿಯಾ ಗೇಟ್ ಕಟ್ಟಿದವರೂ ಅವರೇ. ಇಂಡಿಯಾ ಗೇಟ್ ಹುಲ್ಲಿನ ಮೇಲೆ ಕೂತು ಐಸ್‌ಕ್ರೀಮ್ ತಿಂದ ದೆಹಲಿ ಕನ್ನಡಿಗರಿಗೆ ಈ ಕಮಾನು ಪೂರ್ತಿ ಅಪರಿಚಿತವೆನಿಸಲಾರದು.

ನವ್ ಶಾಪೆಲ್ ಗೋಡೆಯಲ್ಲಿ ಹೆಸರುಗಳ ಜೊತೆ ಹುದ್ದೆಗಳೂ ಇವೆ: ಸವಾರ, ದಫೇದಾರ, ಜಮಾದಾರ. ಫ್ರಾನ್ಸಿನ ಬೀಟ್ ಹೊಲಗಳ ನಡುವೆ ಈ ಪದಗಳನ್ನು ಓದುವ ಕನ್ನಡಿಗರಿಗೆ ಜಿಲ್ಲಾಧಿಕಾರಿ ಕೊಠಡಿಯ ಬಾಗಿಲಲ್ಲಿ ನಿಲ್ಲುವ ದಫೇದಾರ, ಉತ್ತರ ಕರ್ನಾಟಕದ ಜಮಾದಾರ ಅಡ್ಡಹೆಸರಿನ ಗೆಳೆಯರು ನೆನಪಾಗುತ್ತಾರೆ. ಇನ್ನೊಂದು ಪದ ಸೊಮ್ ನೆಲದಲ್ಲೇ ಉಳಿದುಕೊಂಡಿದೆ. ಆಲ್ಬೆರ್‌ನಿಂದ ಉತ್ತರಕ್ಕೆ ಬ್ಲೈಟಿ ವ್ಯಾಲಿ ಎಂಬ ಸ್ಮಶಾನವಿದೆ. ಬ್ರಿಟಿಷ್ ಸೈನಿಕರ ಬಾಯಲ್ಲಿ ಬ್ಲೈಟಿ ಎಂದರೆ ತವರು, ಇಂಗ್ಲೆಂಡು. ಅದು ಹುಟ್ಟಿದ್ದು ಭಾರತದಲ್ಲಿ ಅವರ ಕಿವಿಗೆ ಬಿದ್ದ ವಿಲಾಯತಿಯಿಂದ. ನಮ್ಮವರು ಪರದೇಶಕ್ಕೆ ಬಳಸಿದ ಮಾತನ್ನು ಅವರು ಮನೆಗೆ ಬಳಸಿಕೊಂಡರು. ಒಂದೇ ಕಂದಕದ ಸಾಲಿನಲ್ಲಿ ಒಬ್ಬ ಯಾವುದಕ್ಕಾಗಿ ಹಂಬಲಿಸುತ್ತಿದ್ದನೋ, ಅದೇ ಮಾತು ಇನ್ನೊಬ್ಬನಿಗೆ ತಾನು ಎಷ್ಟು ದೂರ ಬಂದಿದ್ದೇನೆ ಎಂಬುದನ್ನು ನೆನಪಿಸುತ್ತಿತ್ತು.

ಸ್ಮಾರಕಗಳು ಹೆಸರನ್ನು ಕಾಯುತ್ತವೆ. ಎಲ್ಲಿ, ಎಷ್ಟು ದೂರಕ್ಕಾಗಿ, ಯಾವ ಪೈರಿನ ನಡುವೆ ಎಂಬುದನ್ನು ಕಾಯುವುದು ಹೊಲ. ಸಿಕಂದರಾಬಾದಿನಿಂದಲೋ ಪುಣೆಯಿಂದಲೋ ಹೋದವರು ಜುಲೈ ತಿಂಗಳಲ್ಲಿ ಈ ದಾರಿ ನಡೆದರೆ ಎರಡೂ ಬದಿಗೆ ಗೋಧಿ ಹಣ್ಣಾಗುತ್ತಿರುತ್ತದೆ. ಹಿಂದೆ ಲಾಂಗ್‌ವಾಲ್ ಚರ್ಚಿನ ಶಿಖರ, ಮುಂದೆ ಕಾಡಿನ ಕಪ್ಪು ಗೆರೆ. ಕುದುರೆಗಳು ಓಡಿದ್ದು ಈ ಎರಡರ ನಡುವಿನ ನೆಲದಲ್ಲಿ. ಒಂದು ಗಳಿಗೆ ನಿಂತು ಹೋಗಬಹುದು. ಸಂಜೆ ಏಳಕ್ಕೆ ಅಲ್ಲಿ ಇನ್ನೂ ಬಿಸಿಲಿರುತ್ತದೆ.