ಶೇಷದ ಸೊಗಸು

ಕ್ಯಾಮೆರಾದ ಸಂವೇದಕದ ಮೇಲೆ ಬಿದ್ದ ಬೆಳಕು ನೇರವಾಗಿ ಅಂಕಿಯಾಗುವುದಿಲ್ಲ. ಅದು ಮೊದಲು ಏರಿಳಿಯುವ ವೋಲ್ಟೇಜ್ ಆಗುತ್ತದೆ, ಆ ವೋಲ್ಟೇಜನ್ನು ಗೊತ್ತಾದ ಗಡುವಿನೊಳಗೆ ಅಳೆದು ಅಂಕಿಯಾಗಿಸುವ ಹೊಣೆ ಅನಲಾಗ್-ಡಿಜಿಟಲ್ ಪರಿವರ್ತಕವೆಂಬ ಚಿಪ್ಪಿನದು. ಗಡುವು ಎಷ್ಟು ಬಿಗಿಯೆಂಬುದಕ್ಕೆ ಟಿ.ವಿ. ಚಿತ್ರದ ಡಿಜಿಟಲ್ ರೂಪಕ್ಕಾಗಿ 1982ರಲ್ಲಿ ಒಪ್ಪಿತವಾದ ಅಂತರರಾಷ್ಟ್ರೀಯ ಮಾನಕವೇ ಸಾಕ್ಷಿ: ಅದರಂತೆ ಚಿತ್ರದ ಪ್ರಕಾಶವನ್ನು ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಅಳೆಯಬೇಕು. ಅಮೆರಿಕದ 525 ಗೆರೆಗಳ ಪದ್ಧತಿಗೂ ಭಾರತ ಹಾಗೂ ಯೂರೋಪಿನ 625 ಗೆರೆಗಳ ಪದ್ಧತಿಗೂ ಸಲ್ಲುವಂತೆ ಆರಿಸಿದ ಈ ವೇಗವು ಮೊದಲನೆಯದರಲ್ಲಿ ಗೆರೆಗೆ 858, ಎರಡನೆಯದರಲ್ಲಿ 864 ಮಾದರಿಗಳನ್ನು ಕೊಟ್ಟು, ಕಾಣುವ ಭಾಗಕ್ಕೆ ಮಾತ್ರ ಎರಡರಲ್ಲೂ 720ನ್ನೇ ಉಳಿಸುತ್ತದೆ; ಸಮಿತಿಗಳ ಕೈಯಿಂದ ಇಷ್ಟು ಚೆಲುವಾದ ಲೆಕ್ಕ ಹೊರಬರುವುದು ಅಪರೂಪ.

ವೇಗವೊಂದೇ ಬೇಕಿದ್ದರೆ ದಾರಿ ಸುಲಭ. ಎರಡು ವೋಲ್ಟೇಜ್‌ಗಳಲ್ಲಿ ಯಾವುದು ದೊಡ್ಡದೆಂದು ಹೇಳುವ ಕಂಪ್ಯಾರೇಟರ್‌ಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲವನ್ನೂ ಒಮ್ಮೆಲೇ ಕೇಳಿದರಾಯಿತು. ಆದರೆ 10 ಬಿಟ್‌ಗಳ, ಅಂದರೆ 1024 ಮಟ್ಟಗಳ ಅಳತೆಗೆ ಅಂಥ 1023 ಕಂಪ್ಯಾರೇಟರ್‌ಗಳು ಬೇಕಾಗಿ, ಬ್ಯಾಟರಿಯ ಮೇಲೆ ನಡೆಯುವ ಕ್ಯಾಮೆರಾಕ್ಕೆ ಅದು ದುಂದುಗಾರಿಕೆಯಾಗುತ್ತದೆ. ಈ ಕಸುಬನ್ನು ಪ್ರೀತಿಸುವವರು ಆ ದಾರಿಯನ್ನು ಗೌರವಿಸುತ್ತಾರೆಯೇ ಹೊರತು ಅದರಲ್ಲಿ ಮನಸ್ಸಿಡುವುದಿಲ್ಲ. ಅವರ ಮನಸ್ಸು ನೆಟ್ಟಿರುವುದು ಪೈಪ್‌ಲೈನ್ ಪರಿವರ್ತಕದಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಲೂಯಿಸ್ ಮತ್ತು ಪಾಲ್ ಗ್ರೇ 1987ರಲ್ಲಿ ಪ್ರಕಟಿಸಿದ, ಸೆಕೆಂಡಿಗೆ 50 ಲಕ್ಷ ಮಾದರಿಗಳನ್ನು 9 ಬಿಟ್‌ಗಳಲ್ಲಿ ಅಳೆಯುವ ಚಿಪ್ಪು ಈ ಬಗೆಯ ಹೆಸರಾಂತ ಮಾದರಿ.

ಅಕ್ಕಿಯನ್ನು ಸೇರಿನಿಂದ ಅಳೆದು, ಉಳಿದುದನ್ನು ಪಾವಿನಿಂದ, ಅದರಲ್ಲೂ ಉಳಿದುದನ್ನು ಚಟಾಕಿನಿಂದ ಅಳೆಯುವ ಕ್ರಮ ಹಳೆಯದು. ಪೈಪ್‌ಲೈನ್ ಪರಿವರ್ತಕವೂ ಶೇಷವನ್ನೇ ಮುಂದಕ್ಕೆ ದಾಟಿಸುತ್ತದೆ, ಆದರೆ ಮಾಪನವನ್ನು ಚಿಕ್ಕದು ಮಾಡುವ ಬದಲು ಶೇಷವನ್ನು ಇಮ್ಮಡಿಗೊಳಿಸಿ ಮತ್ತೆ ಅದೇ ಸೇರಿನಿಂದ ಅಳೆಯುತ್ತದೆ. ಒಂದು ಹಂತವು ತನ್ನ ಶೇಷವನ್ನು ಮುಂದಿನದಕ್ಕೆ ಒಪ್ಪಿಸಿದ ಕೂಡಲೇ ಹೊಸ ಮಾದರಿಯನ್ನು ಕೈಗೆತ್ತಿಕೊಳ್ಳುವುದರಿಂದ ಯಾವ ಹಂತವೂ ಸುಮ್ಮನೆ ಕೂರುವುದಿಲ್ಲ.

ನಿಜವಾದ ಸೊಗಸು ಇರುವುದು ತಪ್ಪನ್ನು ಸಹಿಸುವ ಬಗೆಯಲ್ಲಿ. ಪ್ರತಿ ಹಂತವೂ ಎರಡರ ಬದಲು ಮೂರು ಉತ್ತರಗಳನ್ನು ಕೊಡಬಹುದು: ಮೇಲೆ, ಕೆಳಗೆ, ಇಲ್ಲವೇ ನಡುವೆ. ಈ ಹೆಚ್ಚುವರಿ ಉತ್ತರದಿಂದಾಗಿ ಕಂಪ್ಯಾರೇಟರ್ ಆಧಾರ ವೋಲ್ಟೇಜಿನ ಕಾಲು ಭಾಗದಷ್ಟು ಎಡವಿದರೂ ಶೇಷವು ಮುಂದಿನ ಹಂತದ ಅಳವಿನೊಳಗೇ ಉಳಿದು, ಕೊನೆಯಲ್ಲಿ ಎಲ್ಲ ಉತ್ತರಗಳನ್ನೂ ಒಂದರ ಮೇಲೊಂದು ಹೊಂದಿಸಿ ಕೂಡಿದಾಗ ಆ ತಪ್ಪು ತಾನಾಗಿಯೇ ಕಳೆದುಹೋಗುತ್ತದೆ. ಕಂಪ್ಯಾರೇಟರ್ ಒರಟಾಗಿದ್ದರೂ ನಡೆಯುತ್ತದೆಯೆಂದಾದ ಮೇಲೆ ಅದಕ್ಕೆ ಸದಾ ವಿದ್ಯುತ್ ಉಣಿಸಿ ಸಾಕಬೇಕಾಗಿಲ್ಲ. ಗಡಿಯಾರದ ಮಿಡಿತಕ್ಕೆ ಎಚ್ಚೆತ್ತು, ಉತ್ತರ ಹೇಳಿ, ಮತ್ತೆ ಮಲಗುವಂಥದ್ದೇ ಸಾಕು.

ಆದರೆ ಇಮ್ಮಡಿಗೊಳಿಸುವ ಕೆಲಸದಲ್ಲಿ ಇಂಥ ರಿಯಾಯಿತಿ ಇಲ್ಲ. ಅಲ್ಲಿ ವಿದ್ಯುದಾವೇಶವನ್ನು ಹಿಡಿದಿಡುವ ಎರಡು ಕೆಪಾಸಿಟರ್‌ಗಳು ಸರಿಸಮನಾಗಿರಬೇಕು, ಚಿಪ್ಪಿನ ಮೇಲಿನ ಪದರಗಳಾದರೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ತುಸು ತೆಳುವಾಗುತ್ತ ಹೋಗುತ್ತವೆ. ಆದ್ದರಿಂದ ನಕ್ಷೆ ಬರೆಯುವವರು ಒಂದೊಂದನ್ನೂ ಎರಡೆರಡು ಚೌಕಗಳಾಗಿ ಒಡೆದು, ಒಂದರ ಚೌಕಗಳನ್ನು ಒಂದು ಕರ್ಣದಲ್ಲೂ ಇನ್ನೊಂದರದನ್ನು ಮತ್ತೊಂದು ಕರ್ಣದಲ್ಲೂ ಕೂರಿಸುತ್ತಾರೆ. ಆಗ ಪದರದ ಓರೆ ಇಬ್ಬರಿಗೂ ಸಮಪಾಲಾಗಿ ಹಂಚಿಹೋಗುತ್ತದೆ. ಅಂಚಿನಲ್ಲಿರುವ ಚೌಕ ಕೊರೆಯುವಾಗ ಒಳಗಿನದಕ್ಕಿಂತ ಬೇರೆಯಾಗಿ ಸವೆಯುವುದರಿಂದ, ಯಾವ ಕೆಲಸಕ್ಕೂ ಜೋಡಿಸದ ಡಮ್ಮಿ ಚೌಕಗಳನ್ನು ಸುತ್ತಲೂ ಕಾವಲಿಗೆ ಇಡುತ್ತಾರೆ.

ಕೆಪಾಸಿಟರ್ ಎಷ್ಟು ದೊಡ್ಡದಿರಬೇಕೆಂಬುದನ್ನು ಬಹುಮಟ್ಟಿಗೆ ಉಷ್ಣವೇ ನಿರ್ಧರಿಸುತ್ತದೆ. 1 ಪಿಕೊಫ್ಯಾರಡ್‌ನ ಕೆಪಾಸಿಟರ್ ಮಾದರಿ ಹಿಡಿಯುವಾಗ ಕೋಣೆಯ ತಾಪದಲ್ಲಿ ಸುಮಾರು 64 ಮೈಕ್ರೊವೋಲ್ಟ್‌ನಷ್ಟು ಗದ್ದಲ ಅದರೊಳಗೆ ಸೇರುತ್ತದೆ, ಆ ಗದ್ದಲವನ್ನು ಅರ್ಧಕ್ಕಿಳಿಸಲು ಕೆಪಾಸಿಟರ್ ನಾಲ್ಕು ಪಟ್ಟಾಗಬೇಕು. ಆದರೆ ಮೊದಲ ಹಂತ ದಾಟಿದ ಶೇಷ ಆಗಲೇ ಇಮ್ಮಡಿಯಾಗಿರುವುದರಿಂದ ಮುಂದಿನ ಹಂತಗಳ ಗದ್ದಲಕ್ಕೆ ಬೆಲೆ ಕಡಿಮೆ; ಹಾಗಿದ್ದಮೇಲೆ ಅವುಗಳ ಕೆಪಾಸಿಟರ್‌ಗಳನ್ನು ಕುಗ್ಗಿಸಬಹುದು, ಕೆಪಾಸಿಟರ್ ಕುಗ್ಗಿದರೆ ಅದನ್ನು ತುಂಬುವ ಆಂಪ್ಲಿಫೈಯರ್‌ನ ಹಸಿವೂ ಕುಗ್ಗುತ್ತದೆ. ಥಾಮಸ್ ಚೋ ಮತ್ತು ಗ್ರೇ 1995ರಲ್ಲಿ ಇದನ್ನೇ ಮಾಡಿ, ಸೆಕೆಂಡಿಗೆ 2 ಕೋಟಿ ಮಾದರಿಗಳನ್ನು 10 ಬಿಟ್‌ಗಳಲ್ಲಿ ಅಳೆಯುವ ಚಿಪ್ಪನ್ನು ಕೇವಲ 35 ಮಿಲಿವ್ಯಾಟ್‌ಗಳಲ್ಲಿ ನಡೆಸಿ ತೋರಿಸಿದರು. ನಿರ್ವಾತ ನಳಿಗೆಗಳಿಂದ ಕಟ್ಟಿದ 1954ರ ಡಾಟ್ರಾಕ್ ಪರಿವರ್ತಕ ಸೆಕೆಂಡಿಗೆ 50 ಸಾವಿರ ಮಾದರಿಗಳಿಗೇ ಸುಮಾರು 500 ವ್ಯಾಟ್ ಬೇಡುತ್ತಿತ್ತು.

ಇಷ್ಟಾದರೂ ಪೈಪ್‌ಲೈನಿಗೆ ಒಂದು ನಿಧಾನವಿದೆ: ಒಂದು ಮಾದರಿಯ ಅಂಕಿ ಹೊರಬರುವ ಹೊತ್ತಿಗೆ ಗಡಿಯಾರ ಹಲವು ಸಲ ಮಿಡಿದಿರುತ್ತದೆ. ಅಳತೆ ಬಂದೊಡನೆ ತಿದ್ದಬೇಕಾದ ಮೋಟಾರಿನಂಥ ಯಂತ್ರಗಳ ನಿಯಂತ್ರಣದಲ್ಲಿ ಈ ವಿಳಂಬ ತೊಡಕಾಗಬಹುದು. ಚಿತ್ರ ನೋಡುವವನಿಗಾದರೋ ಅರ್ಧ ಮೈಕ್ರೊಸೆಕೆಂಡು ತಡವಾಗಿ ಬಂದ ಬೆಳಕು ತಡವಾಗಿ ಬಂದಿತೆಂದು ತಿಳಿಯುವುದೇ ಇಲ್ಲ.