ಸೊನ್ನೆ, ಐದರಲ್ಲಿ ಮುಗಿಯುವ ಮೀನುಗಳು

ಹೋದ ವರ್ಷ ನಮ್ಮ ಲ್ಯಾಬಿಗೆ ಕೊಪ್ಪಳ ಕಡೆಯ ಹುಡುಗನೊಬ್ಬ ಸೇರಿದ. ಮಂಗಳೂರಿಗೆ ಓದಲು ಬಂದ ಮೇಲೆಯೇ ಅವನು ಸಮುದ್ರ ನೋಡಿದ್ದು. ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ತೋರಿಸುವುದರಿಂದ ಹಿಡಿದು ಬೆಳಗಿನ ಜಾವ ದಕ್ಕೆಗೆ ಕರೆದುಕೊಂಡು ಹೋಗುವವರೆಗೆ ಎಲ್ಲವೂ ನನ್ನ ಪಾಲಿಗೆ ಬಂತು. ಪಿಎಚ್.ಡಿ.ಯ ನಾಲ್ಕನೇ ವರ್ಷದವರಿಗೆ ಇಂಥ ಕೆಲಸವನ್ನು ಯಾರೂ ಕೇಳಿ ಕೊಡುವುದಿಲ್ಲ.

ಕೆಲಸವೇನೋ ಸರಳ. ಬೋಟು ಬಂದಾಗ ಐವತ್ತು ಬಂಗುಡೆಗಳನ್ನು ಮೂತಿಯಿಂದ ಬಾಲದ ತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳಬೇಕು. ಮೀನಿನ ವಯಸ್ಸು ಮುಖ ನೋಡಿದರೆ ತಿಳಿಯುವುದಿಲ್ಲವಲ್ಲ. ಯಾವ ಉದ್ದದ ಮೀನು ಹೆಚ್ಚು ಸಿಕ್ಕಿತು ಎಂದು ತಿಂಗಳು ತಿಂಗಳೂ ಗುರುತಿಸುತ್ತ ಹೋದರೆ, ಅವು ಎಷ್ಟು ಬೇಗ ಬೆಳೆಯುತ್ತಿವೆ ಎಂಬ ಅಂದಾಜು ಸಿಗುತ್ತದೆ. ಕಡಲಿನಿಂದ ಎಷ್ಟು ಹಿಡಿಯಬಹುದು ಎಂಬ ಲೆಕ್ಕಕ್ಕೂ ಇದೇ ಬುನಾದಿ. ಆದರೆ ನಮ್ಮ ಮಿಲಿಮೀಟರಿಗಾಗಿ ದಕ್ಕೆ ಕಾಯುವುದಿಲ್ಲ. ಹರಾಜು ಮುಗಿಯಿತೆಂದರೆ ಐಸ್ ಸುರಿದು ಲಾರಿಗೆ ಏರಿಸಿಬಿಡುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಆಗಸ್ಟ್ ಅದು. ಹುಡುಗ ಕಳಿಸಿದ ಹಾಳೆ ನೋಡುತ್ತಿದ್ದೆ. ಮೊದಲ 22 ಸಾಲು 183, 191, 188, 197 ಎಂದು ಹೀಗೇ ಸಾಗಿತ್ತು. ಆಮೇಲೆ 190, 185, 195, 200, 190. ಕೊನೆಯ 28 ಮೀನುಗಳೂ ಸೊನ್ನೆಯಲ್ಲೋ ಐದರಲ್ಲೋ ಮುಗಿದಿದ್ದವು. ಕಡಲಿನ ಮೀನಿಗೆ ದುಂಡು ಸಂಖ್ಯೆಗಳ ಮೇಲೆ ಅಷ್ಟೊಂದು ಪ್ರೀತಿ ಇರುವುದಿಲ್ಲ.

ಬೈಯುವುದಕ್ಕೆ ಮಾತುಗಳನ್ನೆಲ್ಲ ಜೋಡಿಸಿಕೊಂಡೆ. ಸರಿಯಾದ ಹಾಳೆ ಹೇಗಿರುತ್ತದೆ ಎಂದು ತೋರಿಸಲು ನನ್ನ ಹಳೆಯ ಫೈಲ್ ತೆರೆದೆ. ಎರಡನೇ ವರ್ಷದ ಆಗಸ್ಟ್. 31ನೇ ಸಾಲಿನಿಂದ ಕೆಳಗೆ: 185, 190, 190, 180...

ಆ ಬೆಳಗು ಪೂರ್ತಿ ನೆನಪಾಯಿತು. ಅದಕ್ಕೂ ಹಿಂದಿನ ವಾರದ ಮೀಟಿಂಗಿನಲ್ಲಿ ಸೀನಿಯರ್ ಒಬ್ಬರು ಎಲ್ಲರೆದುರು "ಮೂವತ್ತೇ ಯಾಕೆ? ನಿದ್ದೆ ಬಂತಾ?" ಎಂದು ಕೇಳಿದ್ದರು. ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಮುಂದಿನ ಸಲ ಐವತ್ತು ತಂದಿದ್ದೆ. ಪೂರ್ತಿ ಸುಳ್ಳಲ್ಲ, ಕಣ್ಣಂದಾಜು ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಗ್ರಾಫ್ ಹಾಕುವಾಗ ಒಂದೊಂದು ಸೆಂಟಿಮೀಟರಿಗೆ ಗುಂಪು ಮಾಡುವುದರಿಂದ ಕೊನೆಯ ಅಂಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಆ ಇಪ್ಪತ್ತು ಮೀನುಗಳು ಸದ್ದಿಲ್ಲದೆ ಕೂತಿದ್ದವು.

ಮಧ್ಯಾಹ್ನ ಅವನನ್ನು ಕರೆದು, ಏನಾಯಿತು ಎಂದಷ್ಟೇ ಕೇಳಿದೆ.

"ಅಕ್ಕಾ, ಇಪ್ಪತ್ತೆರಡು ಅಳಿಯೂದ್ರಾಗ ಲಾರಿ ಹೊಂಟ್‌ಬಿಡ್ತ್ರಿ. ನೀವು ಐವತ್ತು ಬೇಕು ಅಂದಿದ್ರಿ."

ಹೌದು, ಅಂದಿದ್ದೆ. ಐವತ್ತು ಸಿಗದಿದ್ದರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ ಎಂಬುದು ನಿಜ, ಆದರೆ ಅದನ್ನು ಅವನ ಮುಂದೆ ಇಟ್ಟು ಪಾರಾಗಲು ಮನಸ್ಸಾಗಲಿಲ್ಲ. ನನ್ನ ಫೈಲನ್ನು ಅವನ ಕಡೆ ತಿರುಗಿಸಿದೆ. ಅವನು ಬೆರಳಿಟ್ಟು ಸಾಲುಗಳನ್ನು ಓದುತ್ತ ಹೋಗಿ, ಒಂದು ಕಡೆ ನಿಂತ. ನನ್ನ ಮುಖ ನೋಡಲಿಲ್ಲ, ಪುಣ್ಯಕ್ಕೆ.

ಅವನ 28 ಸಾಲುಗಳನ್ನು ಇಬ್ಬರೂ ಕೂತು ಅಳಿಸಿದೆವು. ನನ್ನ ಇಪ್ಪತ್ತರ ವಿಷಯವನ್ನು ಗೈಡ್‌ಗೆ ಹೇಳಲು ಇನ್ನೂ ನಾಲ್ಕು ದಿನ ಬೇಕಾಯಿತು. ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ ಬೇರೇನೋ ಸಹಿ ಹಾಕಿಸಿಕೊಂಡು ಬಂದೆ. ಕೊನೆಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ತೆಗೆದು ಮತ್ತೆ ಲೆಕ್ಕ ಹಾಕು. ಉಳಿದ ತಿಂಗಳುಗಳನ್ನೂ ನೋಡು" ಎಂದರು. ಮೊದಲಿನ ಸಲುಗೆ ಈಗ ಸ್ವಲ್ಪ ಕಡಿಮೆಯಾಗಿದೆ. ಅಧ್ಯಾಯ ಇನ್ನೂ ಮುಗಿದಿಲ್ಲ.

ಹುಡುಗ ಈಗ ಒಬ್ಬನೇ ದಕ್ಕೆಗೆ ಹೋಗುತ್ತಾನೆ. ಮೊನ್ನೆ ಅವನ ನೋಟ್‌ಬುಕ್ ತಿರುವಿ ಹಾಕಿದೆ. 37ನೇ ಮೀನಿನ ಕೆಳಗೆ ಗೆರೆ ಎಳೆದು, ಮೀನಿನ ನೀರು ತಾಗಿ ಹರಡಿದ ಶಾಯಿಯಲ್ಲಿ ಬರೆದಿದ್ದ: "ಲಾರಿ ಹೋಯಿತು. 6.20."